ಮಂಡಿಗೆ ನಮ್ಮದೇ ರಕ್ತದ ಇಂಜೆಕ್ಷನ್: ಸವೆದದ್ದು ಮತ್ತೆ ಬೆಳೆಯುತ್ತದಾ?

ಡೊಂಬಿವಲಿಯ ನಮ್ಮ ಸೊಸೈಟಿಯಲ್ಲಿ ಕುಂದಾಪುರ ಕಡೆಯ ಮಾಮ ಒಬ್ಬರಿದ್ದಾರೆ. ಹದಿನಾರನೇ ವಯಸ್ಸಿಗೆ ಮುಂಬೈಗೆ ಬಂದು, ಫೋರ್ಟಿನ ಹೋಟೆಲೊಂದರಲ್ಲಿ ನಲವತ್ತು ವರ್ಷ ದೋಸೆ ಕಾವಲಿಯ ಮುಂದೆ ನಿಂತವರು. ಈಗ ಸ್ಟೇಷನ್ನಿನ ಸೇತುವೆ ಹತ್ತುವಾಗ ಪ್ರತಿ ಮೆಟ್ಟಿಲಿಗೂ ಎರಡೂ ಕಾಲು ಜೋಡಿಸಿ ನಿಲ್ಲುತ್ತಾರೆ. ಹೋದ ವರ್ಷ ಒಂದು ಸಂಜೆ ಎಕ್ಸ್‌ರೇ ಕವರು ಹಿಡಿದು ನಮ್ಮ ಮನೆಗೆ ಬಂದರು. ಜೊತೆಗೆ ಯಾವುದೋ ಕ್ಲಿನಿಕ್ಕಿನ ಬಣ್ಣದ ಹಾಳೆ. ಅದರಲ್ಲಿ ಮರಾಠಿಯಲ್ಲಿ ದೊಡ್ಡದಾಗಿ ಬರೆದಿತ್ತು: ಆಪರೇಷನ್ ಬೇಡ, ನಿಮ್ಮದೇ ರಕ್ತದಿಂದ ಮಂಡಿಯ ಗಾದಿ ಮತ್ತೆ ಬೆಳೆಸುತ್ತೇವೆ.

“ನೀನು ದಿನಾ ರಕ್ತದ ಜೊತೆಗೇ ಇರುವವಳು. ನೀನೇ ಹೇಳು ಮಗಾ, ಇದು ಹಾಕಿಸಿದ್ರೆ ಸವೆದದ್ದು ಮತ್ತೆ ಬರ್ತದಾ?”

ನಾನು ಡಾಕ್ಟರ್ ಅಲ್ಲ. ಇಪ್ಪತ್ತೆರಡು ವರ್ಷದಿಂದ ಪೆಥಾಲಜಿ ಲ್ಯಾಬಿನಲ್ಲಿ ಟೆಕ್ನಿಷಿಯನ್. ರಕ್ತ ತೆಗೆಯುವುದು, ಮೆಷಿನ್ನಿನಲ್ಲಿ ತಿರುಗಿಸುವುದು, ಎಣಿಸುವುದು ನನ್ನ ಕೆಲಸ. ಹತ್ತಿರದ ಇಬ್ಬರು ಮೂಳೆ ಡಾಕ್ಟರುಗಳಿಗೆ ಈ ಇಂಜೆಕ್ಷನ್ ತಯಾರು ಮಾಡಿಕೊಡುವವಳೂ ನಾನೇ. ಅವತ್ತು ಮಾಮನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ಮುಂಬೈಯ ನಮ್ಮವರ ಮನೆಗಳಲ್ಲಿ ಈ ಪ್ರಶ್ನೆ ಈಗ ಜಾಸ್ತಿ ಕೇಳಿಬರುತ್ತಿದೆ.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಕೆಲವರಿಗೆ ಕೆಲವು ತಿಂಗಳು ನೋವು ಕಡಿಮೆಯಾಗಬಹುದು. ಆದರೆ ಸವೆದ ಗಾದಿ ಮತ್ತೆ ಬೆಳೆಯುತ್ತದೆ ಅಂತ ಹೇಳುವಷ್ಟು ಪುರಾವೆ ಇಲ್ಲ. ಇನ್ನೊಂದು ಮಾತು, ನನ್ನ ಮಟ್ಟಿಗೆ ಇದೇ ಮುಖ್ಯ: ಈ ರಕ್ತದ ಇಂಜೆಕ್ಷನ್ನಿಗೆ ಪಿಆರ್‌ಪಿ ಅನ್ನುತ್ತಾರೆ, ಆದರೆ ಅದು ಒಂದೇ ಔಷಧಿಯಲ್ಲ. ಹೆಸರು ಒಂದೇ, ಸಿರಿಂಜಿನ ಒಳಗಿರುವುದು ಬೇರೆ ಬೇರೆ.

ಮೊದಲು ಆ ಗಾದಿ ಏನು ಅಂತ ನೋಡೋಣ. ಮರಾಠಿಯವರು ಗಾದಿ ಅನ್ನುತ್ತಾರೆ, ನಮ್ಮ ಶಾಲೆಯ ಪುಸ್ತಕದಲ್ಲಿ ಮೃದ್ವಸ್ಥಿ ಅಂತಿತ್ತು, ಡಾಕ್ಟರುಗಳು ಕಾರ್ಟಿಲೇಜ್ ಅನ್ನುತ್ತಾರೆ. ಕೋಳಿ ಕಾಲಿನ ಎಲುಬಿನ ತುದಿಯಲ್ಲಿ ಬಿಳಿಯಾಗಿ, ನುಣ್ಣಗೆ ಹೊಳೆಯುವ ಪದರ ನೋಡಿದ್ದೀರಲ್ಲ, ಅದೇ. ನಮ್ಮ ಮಂಡಿಯಲ್ಲಿ ಹೆಚ್ಚಿನ ಕಡೆ ಅದರ ದಪ್ಪ 2ರಿಂದ 4 ಮಿಲಿಮೀಟರ್. ಅದರಲ್ಲೂ ಹತ್ತಿರ ಹತ್ತಿರ ಮುಕ್ಕಾಲು ಪಾಲು ನೀರು. ಕೊಲಾಜೆನ್ ಅನ್ನುವ ನಾರುಗಳು ಬಲೆಯ ಹಾಗೆ ಹೆಣೆದುಕೊಂಡಿರುತ್ತವೆ. ಬಲೆಯ ಒಳಗೆ ನೀರನ್ನು ಹಿಡಿದಿಟ್ಟುಕೊಳ್ಳುವ ದೊಡ್ಡ ದೊಡ್ಡ ಅಣುಗಳು. ಇದೆಲ್ಲವನ್ನೂ ನೋಡಿಕೊಳ್ಳುವ ಜೀವಕೋಶಗಳು ತೀರಾ ಕಡಿಮೆ, ಅಲ್ಲೊಂದು ಇಲ್ಲೊಂದು.

ಈ ಪದರದಲ್ಲಿ ರಕ್ತನಾಳ ಇಲ್ಲ. ನರವೂ ಇಲ್ಲ. ಮುಂದಿನ ಇಡೀ ಕಥೆ ಈ ಎರಡು ಮಾತಿನ ಮೇಲೆ ನಿಂತಿದೆ.

ರಕ್ತನಾಳ ಇಲ್ಲದ ಮೇಲೆ ಊಟ ಎಲ್ಲಿಂದ? ಕೀಲಿನೊಳಗಿನ ದ್ರವದಿಂದ. ಕಾಲೂರಿದಾಗ ಕಾರ್ಟಿಲೇಜ್ ಸ್ಪಂಜಿನ ಹಾಗೆ ಒತ್ತಿಕೊಳ್ಳುತ್ತದೆ, ಕಾಲೆತ್ತಿದಾಗ ದ್ರವ ಹೀರಿಕೊಳ್ಳುತ್ತದೆ. ಮಂಡಿ ನೋಯುತ್ತದೆ ಅಂತ ದಿನವಿಡೀ ಸುಮ್ನೆ ಕೂತರೆ ಈ ಒತ್ತಿ ಬಿಡುವ ಕೆಲಸವೇ ನಿಂತುಹೋಗುತ್ತದೆ. ನಮ್ಮ ಹಿರಿಯರಿಗೆ ಇದೊಂದು ಮಾತು ಹೇಳಿ ಒಪ್ಪಿಸುವುದು ನನಗೆ ಯಾವಾಗಲೂ ಕಷ್ಟ.

ನರ ಇಲ್ಲದ ಮೇಲೆ ನೋವು ಎಲ್ಲಿಂದ? ಕಾರ್ಟಿಲೇಜಿನಿಂದ ಅಲ್ಲವೇ ಅಲ್ಲ. ಕೀಲಿನ ಒಳಪೊರೆ ಊದಿಕೊಂಡು ಉರಿಯುತ್ತದೆ, ಕೆಳಗಿನ ಮೂಳೆಗೆ ಒತ್ತಡ ತಾಗುತ್ತದೆ, ನೋವು ಅಲ್ಲಿಂದ ಬರುತ್ತದೆ. ಅದಕ್ಕೇ ಎಕ್ಸ್‌ರೇ ತೀರಾ ಕೆಟ್ಟದಾಗಿರುವ ಕೆಲವರು ಆರಾಮಾಗಿ ನಡೆಯುತ್ತಾರೆ, ಸ್ವಲ್ಪವೇ ಸವೆದವರು ರಾತ್ರಿ ನಿದ್ದೆ ಮಾಡುವುದಿಲ್ಲ. ನೋವು ಕಡಿಮೆಯಾಯಿತು ಅಂದರೆ ಗಾದಿ ಬೆಳೆಯಿತು ಅಂತ ಅರ್ಥವಲ್ಲ. ಆ ಬಣ್ಣದ ಹಾಳೆ ಈ ಎರಡನ್ನೂ ಒಂದೇ ಮಾಡಿಬಿಟ್ಟಿತ್ತು.

ಈಗ ಅಡುಗೆಮನೆಗೆ ಬನ್ನಿ. ಈರುಳ್ಳಿ ಹೆಚ್ಚುವಾಗ ಬೆರಳು ಕೊಯ್ದುಕೊಳ್ಳುತ್ತೀರಿ. ರಕ್ತ ಬರುತ್ತದೆ, ಹೆಪ್ಪುಗಟ್ಟುತ್ತದೆ, ವಾರದಲ್ಲಿ ಗಾಯ ಮುಚ್ಚುತ್ತದೆ. ಈ ಕೆಲಸಕ್ಕೆ ಮೊದಲು ಓಡಿ ಬರುವುದು ಪ್ಲೇಟ್‌ಲೆಟ್. ಡೆಂಗ್ಯೂ ಬಂದಾಗ ಎಲ್ಲರ ಬಾಯಲ್ಲೂ ಇರುತ್ತದಲ್ಲ, ಅದೇ. ಇಟಲಿಯ ಜೂಲಿಯೋ ಬಿಜೊಜೆರೊ 1880ರ ದಶಕದ ಮೊದಲಲ್ಲೇ ಇವನ್ನು ಗುರುತಿಸಿ, ರಕ್ತ ನಿಲ್ಲಿಸುವುದರಲ್ಲಿ ಇವುಗಳ ಕೆಲಸ ಏನು ಅಂತ ತೋರಿಸಿದ್ದ. ಎಲುಬಿನ ಮಜ್ಜೆಯ ದೊಡ್ಡ ಕೋಶಗಳಿಂದ ಉದುರುವ ಚೂರುಗಳು ಇವು. ಬದುಕು ವಾರದಿಂದ ಹತ್ತು ದಿನ, ಅಷ್ಟೇ. ಆದರೆ ಪ್ರತಿ ಚೂರಿನೊಳಗೂ ಸಣ್ಣ ಸಣ್ಣ ಚೀಲಗಳಿವೆ. ಗಾಯ ಸಿಕ್ಕ ಕೂಡಲೇ ಚೀಲ ಒಡೆದು ಬೆಳವಣಿಗೆಯ ಸಂದೇಶ ಹೊತ್ತ ಪ್ರೋಟೀನುಗಳು ಹೊರಬರುತ್ತವೆ. ಇಲ್ಲಿ ಗಾಯವಾಗಿದೆ, ರಿಪೇರಿ ಶುರುಮಾಡಿ ಅಂತ ಸುತ್ತಲಿನ ಕೋಶಗಳಿಗೆ ಅವು ಹೇಳುತ್ತವೆ.

ಕಾರ್ಟಿಲೇಜಿಗೆ ಗಾಯವಾದರೆ? ರಕ್ತ ಬರುವುದಿಲ್ಲ. ಹೆಪ್ಪುಗಟ್ಟುವುದಿಲ್ಲ. ಸಂದೇಶ ಹೋಗುವುದೇ ಇಲ್ಲ. ವಿಲಿಯಂ ಹಂಟರ್ ಎಂಬ ವೈದ್ಯ 1743ರಲ್ಲೇ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಇಟ್ಟ ಬರಹದಲ್ಲಿ, ಕಾರ್ಟಿಲೇಜ್ ಒಮ್ಮೆ ಹಾಳಾದರೆ ಮತ್ತೆ ಸರಿಹೋಗುವುದಿಲ್ಲ ಎಂದು ಹೇಳಿದ್ದ.

ರಕ್ತ ತಾನಾಗಿ ಹೋಗದ ಜಾಗಕ್ಕೆ ನಾವೇ ರಕ್ತ ತಲುಪಿಸಿದರೆ? ಮೂಳೆ ಸರ್ಜನ್ನರು ಮೊದಲು ಹಿಡಿದ ದಾರಿ ಇದು. ಅಮೆರಿಕದ ರಿಚರ್ಡ್ ಸ್ಟೆಡ್‌ಮನ್ 1980ರ ದಶಕದಲ್ಲಿ ಕಾರ್ಟಿಲೇಜ್ ಕಿತ್ತುಹೋದ ಜಾಗದ ಮೂಳೆಗೆ ಸಣ್ಣ ತೂತುಗಳನ್ನು ಮಾಡುವ ಪದ್ಧತಿ ತಂದರು. ಮೈಕ್ರೋಫ್ರಾಕ್ಚರ್ ಅಂತ ಅದರ ಹೆಸರು. ಮಜ್ಜೆಯ ರಕ್ತ ಮೇಲೆ ಬಂದು ಹೆಪ್ಪುಗಟ್ಟುತ್ತದೆ, ಅಲ್ಲಿ ಹೊಸ ಪದರ ಹುಟ್ಟುತ್ತದೆ. ಹುಟ್ಟುವುದೇನೋ ಹೌದು. ಆದರೆ ಅದು ಮೊದಲಿನ ನುಣುಪಾದ ಕಾರ್ಟಿಲೇಜ್ ಅಲ್ಲ, ನಾರುನಾರಾದ ತೇಪೆ. ಕೆಲವು ವರ್ಷದಲ್ಲಿ ತೇಪೆಯೂ ಸವೆಯಬಹುದು. ಸ್ವೀಡನ್ನಿನ ವೈದ್ಯರು 1994ರಲ್ಲಿ ಇನ್ನೊಂದು ದಾರಿ ತೋರಿಸಿದರು. ರೋಗಿಯದೇ ಕಾರ್ಟಿಲೇಜ್ ಕೋಶಗಳನ್ನು ತೆಗೆದು, ಲ್ಯಾಬಿನಲ್ಲಿ ಬೆಳೆಸಿ, ಗುಂಡಿ ಬಿದ್ದ ಜಾಗಕ್ಕೆ ಕೂರಿಸುವುದು. ಇವೆರಡೂ ಮುಖ್ಯವಾಗಿ ಆಟದಲ್ಲೋ ಬೈಕ್ ಬಿದ್ದೋ ಒಂದು ಕಡೆ ಮಾತ್ರ ಗುಂಡಿಯಾದವರಿಗೆ. ನಮ್ಮ ರಸ್ತೆಗಳಲ್ಲಿ ಮಳೆಗಾಲಕ್ಕೆ ಬೀಳುವ ಗುಂಡಿಗೆ ತೇಪೆ ಹಾಕಬಹುದು. ಮೈಲುದ್ದಕ್ಕೆ ಡಾಂಬರೇ ಸವೆದುಹೋಗಿದ್ದರೆ? ವಯಸ್ಸಿನ ಮಂಡಿ ಸವೆತ ಆ ಎರಡನೇ ಥರದ್ದು.

ತೂತು ಮಾಡುವ ಬದಲು ರಕ್ತದ ಸಂದೇಶವನ್ನಷ್ಟೇ ಸೋಸಿ ಸೂಜಿಯಲ್ಲಿ ಒಳಗೆ ಕಳಿಸೋಣ ಅನ್ನುವುದು ಪಿಆರ್‌ಪಿಯ ಹಿಂದಿನ ಯೋಚನೆ. ಹೆಸರಿನ ಅರ್ಥ ಇಷ್ಟೇ: ಪ್ಲೇಟ್‌ಲೆಟ್ ತುಂಬಿದ ಪ್ಲಾಸ್ಮಾ, ಅಂದರೆ ರಕ್ತದ ಹಳದಿ ನೀರಿನ ಭಾಗ. ಮಾತು ಹೊಸದಲ್ಲ. ಪ್ಲೇಟ್‌ಲೆಟ್ ಕಡಿಮೆ ಇರುವ ರೋಗಿಗಳಿಗೆ ಕೊಡಲು 1970ರ ದಶಕದಲ್ಲೇ ಬಳಕೆಯಲ್ಲಿತ್ತು. 1987ರಲ್ಲಿ ಹೃದಯದ ಆಪರೇಷನ್ನಿನಲ್ಲಿ, 1998ರಲ್ಲಿ ದವಡೆಯ ಮೂಳೆ ಕೂಡಿಸುವಲ್ಲಿ ಬಂತು. ಮಂಡಿಗೆ ಬಂದದ್ದು ಆಮೇಲೆ.

ಇನ್ನು ನನ್ನ ಮೇಜಿನ ಮೇಲೆ ನಡೆಯುವುದನ್ನು ಹೇಳುತ್ತೇನೆ. ತೋಳಿನಿಂದ ರಕ್ತ ತೆಗೆಯುತ್ತೇವೆ. ನಿಧಾನವಾಗಿ, ಸ್ವಲ್ಪ ದಪ್ಪ ಸೂಜಿಯಲ್ಲಿ. ಜೋರಾಗಿ ಎಳೆದರೆ ಪ್ಲೇಟ್‌ಲೆಟ್ ಅಲ್ಲೇ ಕೆರಳಿ ತನ್ನ ಚೀಲ ಒಡೆದುಕೊಳ್ಳುತ್ತದೆ, ಮಂಡಿ ತಲುಪುವ ಮೊದಲೇ ಕೆಲಸ ಮುಗಿದಿರುತ್ತದೆ. ಟ್ಯೂಬಿನಲ್ಲಿ ಹೆಪ್ಪುಗಟ್ಟದ ಹಾಗೆ ಸಿಟ್ರೇಟ್ ಇರುತ್ತದೆ. ಎದುರು ಬದುರು ತೂಕ ಸಮ ಮಾಡಿ ಸೆಂಟ್ರಿಫ್ಯೂಜ್ ಅನ್ನುವ ತಿರುಗಿಸುವ ಮೆಷಿನ್ನಿನಲ್ಲಿ ಇಡುತ್ತೇವೆ. ಮೊದಲ ಸುತ್ತು ಮೆಲ್ಲಗೆ. ಭಾರದ ಕೆಂಪು ಕಣ ಕೆಳಗೆ ಕೂರುತ್ತದೆ. ಮೇಲೆ ಹಳದಿ ಪ್ಲಾಸ್ಮಾ, ಅದರಲ್ಲಿ ತೇಲುವ ಪ್ಲೇಟ್‌ಲೆಟ್. ನಡುವೆ ಹಾಲಿನ ಕೆನೆಯಷ್ಟು ತೆಳ್ಳಗೆ ಒಂದು ಬಿಳಿ ಪದರ, ಅದು ಬಿಳಿ ರಕ್ತಕಣ. ಹಳದಿ ಭಾಗವನ್ನು ಬೇರೆ ಟ್ಯೂಬಿಗೆ ಹಾಕಿ ಎರಡನೇ ಸುತ್ತು ಜೋರಾಗಿ ತಿರುಗಿಸಿದರೆ ಪ್ಲೇಟ್‌ಲೆಟ್ ತಳದಲ್ಲಿ ಕೂರುತ್ತದೆ. ಮೇಲಿನ ತೆಳು ಪ್ಲಾಸ್ಮಾ ತೆಗೆದುಬಿಟ್ಟು, ತಳದ್ದನ್ನು ಉಳಿದ ಸ್ವಲ್ಪ ಪ್ಲಾಸ್ಮಾದಲ್ಲಿ ಮೆಲ್ಲಗೆ ಅಲ್ಲಾಡಿಸಿ ಬೆರೆಸುತ್ತೇವೆ. ಫ್ರಿಜ್ಜಿಗೆ ಇಡುವಂತಿಲ್ಲ, ತಂಪಿಗೂ ಪ್ಲೇಟ್‌ಲೆಟ್ ಕೆರಳುತ್ತದೆ.

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ, ದಯವಿಟ್ಟು ಬಿಟ್ಟು ಮುಂದೆ ಹೋಗಬೇಡಿ. ಆರೋಗ್ಯವಂತರ ರಕ್ತದ ಒಂದು ಮೈಕ್ರೋಲೀಟರಿನಲ್ಲಿ ಒಂದೂವರೆಯಿಂದ ನಾಲ್ಕೂವರೆ ಲಕ್ಷ ಪ್ಲೇಟ್‌ಲೆಟ್ ಇರುತ್ತವೆ. 2 ಲಕ್ಷ ಅಂತ ಇಟ್ಟುಕೊಳ್ಳಿ. ಒಂದು ಎಂಎಲ್‌ನಲ್ಲಿ ಸಾವಿರ ಮೈಕ್ರೋಲೀಟರ್, ಅಂದರೆ 20 ಕೋಟಿ. ಒಂದು ಕಡೆ 10 ಎಂಎಲ್ ರಕ್ತ ತೆಗೆದರು. ಅದರಲ್ಲಿ 200 ಕೋಟಿ. ತಯಾರಿಯಲ್ಲಿ ಎಲ್ಲವೂ ಸಿಗುವುದಿಲ್ಲ, ನೂರಕ್ಕೆ ಎಪ್ಪತ್ತು ಸಿಕ್ಕಿತು ಅಂದುಕೊಂಡರೆ 140 ಕೋಟಿ. ಇನ್ನೊಂದು ಕಡೆ 60 ಎಂಎಲ್ ತೆಗೆದರು. ಅಷ್ಟೇ ಚೆನ್ನಾಗಿ ಮಾಡಿದರೆ 840 ಕೋಟಿ. ಎರಡೂ ಕಡೆ ಬಿಲ್ಲಿನಲ್ಲಿ ಬರೆಯುವುದು ಪಿಆರ್‌ಪಿ ಎಂದೇ. ಡೋಸ್ ಆರು ಪಟ್ಟು ಬೇರೆ! ಕ್ರೋಸಿನ್ ಮಾತ್ರೆಯಲ್ಲಿ ಹೀಗಾದರೆ ನಾವು ಸುಮ್ಮನಿರುತ್ತೇವಾ? ಮಂಡಿಗೆ ಸುಮಾರು 1000 ಕೋಟಿ ಪ್ಲೇಟ್‌ಲೆಟ್ ಬೇಕು ಅಂತ ಈಗ ಕೆಲವು ಸಂಶೋಧಕರು ವಾದಿಸುತ್ತಾರೆ. ಒಂದೇ ಟ್ಯೂಬು ರಕ್ತದಿಂದ ಅದು ಸಾಧ್ಯವೇ ಇಲ್ಲ, ಎಂಥ ಮೆಷಿನ್ ಇದ್ದರೂ.

ಬಿಳಿ ರಕ್ತಕಣದ ವಿಷಯವೂ ಇದೆ. ಆ ಕೆನೆ ಪದರವನ್ನು ಸೇರಿಸಿಕೊಂಡರೆ ಒಂದು ಬಗೆ, ಬಿಟ್ಟರೆ ಇನ್ನೊಂದು ಬಗೆ. ಬಿಳಿ ಕಣ ಉರಿಯೂತ ಹೆಚ್ಚಿಸುವ ವಸ್ತುಗಳನ್ನು ಬಿಡುತ್ತದೆ, ಆದ್ದರಿಂದ ಮಂಡಿಗೆ ಅದು ಕಡಿಮೆ ಇರುವ ಬಗೆಯನ್ನೇ ಹೆಚ್ಚಿನವರು ಬಳಸುತ್ತಾರೆ. ತಯಾರಾದದ್ದು ಹುಲ್ಲಿನ ಬಣ್ಣ ಇರಬೇಕು. ಗುಲಾಬಿಯಾಗಿದ್ದರೆ ಕೆಂಪು ಕಣ ಸೇರಿದೆ ಅಂತ.

ಸರಿ, ಮಂಡಿಯ ಒಳಗೆ ಹೋದ ಮೇಲೆ? ಕೆರಳಿದ ಪ್ಲೇಟ್‌ಲೆಟ್ ತನ್ನ ಪ್ರೋಟೀನುಗಳ ಹೆಚ್ಚಿನ ಪಾಲನ್ನು ಮೊದಲ ಒಂದು ಗಂಟೆಯೊಳಗೇ ಬಿಟ್ಟುಬಿಡುತ್ತದೆ. ಲ್ಯಾಬಿನ ತಟ್ಟೆಯಲ್ಲಿ ಕಾರ್ಟಿಲೇಜ್ ಕೋಶಗಳ ಮೇಲೆ ಪಿಆರ್‌ಪಿ ಹಾಕಿದರೆ ಅವು ಚುರುಕಾಗುತ್ತವೆ, ಸಂಖ್ಯೆ ಹೆಚ್ಚುತ್ತದೆ, ಉರಿಯೂತದ ಸಂಕೇತಗಳು ತಗ್ಗುತ್ತವೆ. ಇದು ನಿಜ, ಆಶೆ ಹುಟ್ಟಿದ್ದೂ ಇಲ್ಲಿಂದಲೇ. ಆದರೆ ತಟ್ಟೆ ಬೇರೆ, ಮಂಡಿ ಬೇರೆ. ದ್ರವ ಒಂದು ಕಡೆ ನಿಲ್ಲುವುದಿಲ್ಲ. ಸವೆದ ಜಾಗಕ್ಕೆ ಅಂಟಿಕೊಂಡು ಕೂರಲು ಆಸರೆ ಇಲ್ಲ. ಇರುವ ಕೋಶಗಳೂ ಕಡಿಮೆ. ಅದು ಹೆಚ್ಚಾಗಿ ಮಾಡುವುದು ಊದಿದ ಒಳಪೊರೆಯನ್ನು ಶಾಂತ ಮಾಡುವ ಕೆಲಸ ಅಂತ ಈಗ ಬಹಳ ಜನ ನಂಬುತ್ತಾರೆ. ನೋವು ಇಳಿಯುವುದಕ್ಕೆ ಅಷ್ಟು ಸಾಕು. ಪದರ ಬೆಳೆಯುವುದಕ್ಕೆ ಸಾಲದು.

ನನ್ನ ಮನಸ್ಸಿಗೆ ತುಂಬಾ ತಟ್ಟಿದ ಒಂದು ಸಂಶೋಧನೆ ಇದೆ. 1950 ಮತ್ತು 60ರ ದಶಕದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಇಂಗಾಲ-14 ಅನ್ನುವ ವಿಕಿರಣದ ಇಂಗಾಲ ಏಕಾಏಕಿ ಏರಿ, ಆಮೇಲೆ ನಿಧಾನವಾಗಿ ಇಳಿಯಿತು. ಊಟದ ಮೂಲಕ ಅದು ನಮ್ಮ ಮೈಯನ್ನೂ ಸೇರುತ್ತದೆ. ದೇಹದ ಒಂದು ಭಾಗ ಯಾವ ಕಾಲದಲ್ಲಿ ಕಟ್ಟಿದ್ದು ಅಂತ ಆ ಗುರುತಿನಿಂದ ಹೇಳಬಹುದು. ಡೆನ್ಮಾರ್ಕಿನ ತಂಡವೊಂದು 2016ರಲ್ಲಿ ಮಂಡಿಯ ಕಾರ್ಟಿಲೇಜನ್ನು ಹೀಗೆ ಪರೀಕ್ಷಿಸಿ ಪ್ರಕಟಿಸಿತು. ಅದರ ಕೊಲಾಜೆನ್ ಬಲೆ ಬೆಳೆಯುವ ವಯಸ್ಸಿನಲ್ಲೇ ಹೆಣೆದು ಮುಗಿದಿರುತ್ತದೆ, ದೊಡ್ಡವರಾದ ಮೇಲೆ ಹೆಚ್ಚುಕಡಿಮೆ ಬದಲಾಗುವುದೇ ಇಲ್ಲ. ಅಂದರೆ ನಮ್ಮ ಮಾಮ ಫೋರ್ಟಿನಲ್ಲಿ ನಲವತ್ತು ವರ್ಷ ನಿಂತದ್ದು, ಊರಿನ ಗದ್ದೆಯಂಚಿನಲ್ಲಿ ಓಡಾಡುತ್ತಿದ್ದ ಹುಡುಗನಿಗೆ ಕಟ್ಟಿಕೊಂಡ ಗಾದಿಯ ಮೇಲೆ. ಅದನ್ನು ಒಂದು ಇಂಜೆಕ್ಷನ್ ಮತ್ತೆ ಹೆಣೆಯುತ್ತದೆ ಅನ್ನುವುದು ಎಷ್ಟು ದೊಡ್ಡ ಮಾತು ಅಂತ ಯೋಚಿಸಿ.

ರೋಗಿಗಳ ಮೇಲಿನ ಪ್ರಯೋಗಗಳು ಏನು ಹೇಳುತ್ತವೆ? ನಮ್ಮ ದೇಶದ್ದೇ ಒಂದಿದೆ. ಚಂಡೀಗಢದ ಪಿಜಿಐ ಆಸ್ಪತ್ರೆಯ ವೈದ್ಯರು 2013ರಲ್ಲಿ ಪ್ರಕಟಿಸಿದ್ದು. 78 ಜನ, ಎರಡೂ ಮಂಡಿ. ಕೆಲವರಿಗೆ ಒಂದು ಪಿಆರ್‌ಪಿ, ಕೆಲವರಿಗೆ ಎರಡು, ಕೆಲವರಿಗೆ ಬರೀ ಸಲೈನ್, ಅಂದರೆ ಔಷಧಿ ಇಲ್ಲದ ಉಪ್ಪುನೀರು. ಪಿಆರ್‌ಪಿ ಪಡೆದವರ ನೋವು ಚೆನ್ನಾಗಿ ಇಳಿಯಿತು. ಒಂದಕ್ಕೂ ಎರಡಕ್ಕೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಆರು ತಿಂಗಳ ಹೊತ್ತಿಗೆ ಲಾಭ ಸ್ವಲ್ಪ ಕರಗತೊಡಗಿತ್ತು.

ಆಸ್ಟ್ರೇಲಿಯಾದಲ್ಲಿ ಇದಕ್ಕಿಂತ ದೊಡ್ಡ ಪ್ರಯೋಗ ನಡೆದು 2021ರಲ್ಲಿ ಪ್ರಕಟವಾಯಿತು. 288 ಜನ, ವಾರಕ್ಕೊಂದರಂತೆ ಮೂರು ಇಂಜೆಕ್ಷನ್. ಅರ್ಧ ಜನಕ್ಕೆ ಪಿಆರ್‌ಪಿ, ಅರ್ಧ ಜನಕ್ಕೆ ಸಲೈನ್. ಯಾರಿಗೆ ಯಾವುದು ಅಂತ ರೋಗಿಗೂ ಗೊತ್ತಿಲ್ಲ, ಸೂಜಿ ಹಾಕಿದವರಿಗೂ ಗೊತ್ತಿಲ್ಲ. ವರ್ಷದ ಕೊನೆಗೆ ಹತ್ತರ ಅಳತೆಯಲ್ಲಿ ನೋವು ಪಿಆರ್‌ಪಿಯವರಿಗೆ 2.1 ಇಳಿದಿತ್ತು, ಸಲೈನಿನವರಿಗೆ 1.8. ಎಂಆರ್‌ಐಯಲ್ಲಿ ಅಳೆದ ಕಾರ್ಟಿಲೇಜ್ ಎರಡೂ ಗುಂಪಿನಲ್ಲಿ ಕಡಿಮೆಯಾಗಿತ್ತು: ಒಂದರಲ್ಲಿ ಶೇಕಡಾ 1.4, ಇನ್ನೊಂದರಲ್ಲಿ 1.2. ವ್ಯತ್ಯಾಸ ಇಲ್ಲ ಅಂತಲೇ ಲೆಕ್ಕ. ಬೆಳೆದದ್ದಂತೂ ಇಲ್ಲ.

ಸಲೈನಿನವರಿಗೂ ನೋವು ಇಳಿಯಿತಲ್ಲ, ಅದನ್ನು ಕಡೆಗಣಿಸಬೇಡಿ. ಯಾರೂ ಸುಳ್ಳು ಹೇಳಲಿಲ್ಲ. ಮಂಡಿ ನೋವು ಏರುತ್ತಾ ಇಳಿಯುತ್ತಾ ಇರುತ್ತದೆ. ತೀರಾ ಜಾಸ್ತಿ ಇರುವಾಗಲೇ ನಾವು ಡಾಕ್ಟರ ಹತ್ತಿರ ಹೋಗುವುದು, ಆಮೇಲೆ ಅದು ತಾನಾಗಿಯೂ ಸ್ವಲ್ಪ ತಗ್ಗುತ್ತದೆ. ನಂಬಿಕೆಯೂ ನೋವನ್ನು ತಗ್ಗಿಸುತ್ತದೆ. ಆದ್ದರಿಂದ ಪಕ್ಕದ ಮನೆಯವರಿಗೆ ವಾಸಿಯಾಯಿತು ಅನ್ನುವ ಮಾತಿನಿಂದ ಏನೂ ಹೇಳಲು ಆಗುವುದಿಲ್ಲ.

ಆದರೆ ಆ ಪ್ರಯೋಗಕ್ಕೂ ಒಂದು ಟೀಕೆ ಬಂತು, ಅದು ನನ್ನ ಮೇಜಿನ ವಿಷಯವೇ: ಅವರು ಬಳಸಿದ ಪಿಆರ್‌ಪಿಯಲ್ಲಿ ಪ್ಲೇಟ್‌ಲೆಟ್ ತೀರಾ ಕಡಿಮೆ ಇತ್ತು ಎಂದು. ಇರಬಹುದು. ಡೋಸನ್ನೇ ಅಳೆಯದ ಪ್ರಯೋಗಗಳನ್ನು ಒಂದಕ್ಕೊಂದು ಹೋಲಿಸಿದರೆ ಹೀಗೇ ಆಗುವುದು. ದೊಡ್ಡ ಸಂಸ್ಥೆಗಳ ಸಲಹೆಯೂ ಇದರಿಂದಲೇ ಬೇರೆ ಬೇರೆ. ಅಮೆರಿಕದ ಸಂಧಿವಾತ ತಜ್ಞರ ಸಂಸ್ಥೆ 2019ರಲ್ಲಿ, ತಯಾರಿಕೆಗೆ ಒಂದು ಮಾನದಂಡವೇ ಇಲ್ಲ ಎಂದು ಮಂಡಿ ಸವೆತಕ್ಕೆ ಪಿಆರ್‌ಪಿ ಬೇಡವೇ ಬೇಡ ಅಂದಿತು. ಅಲ್ಲಿನದೇ ಮೂಳೆ ಸರ್ಜನ್ನರ ಸಂಸ್ಥೆ 2021ರಲ್ಲಿ, ನೋವು ತಗ್ಗಬಹುದು, ಆದರೆ ಪುರಾವೆ ಸೀಮಿತ ಅಂದಿತು.

ಹಾಗಾದರೆ ಯಾರು ಯೋಚಿಸಬಹುದು? ಎಕ್ಸ್‌ರೇಯಲ್ಲಿ ಕಾರ್ಟಿಲೇಜ್ ಕಾಣುವುದಿಲ್ಲ, ಎರಡು ಮೂಳೆಗಳ ನಡುವಿನ ಗ್ಯಾಪ್ ಕಾಣುತ್ತದೆ. ಸವೆತವನ್ನು ಸೊನ್ನೆಯಿಂದ ನಾಲ್ಕರವರೆಗೆ ಹಂತ ಮಾಡುವ ಪದ್ಧತಿ 1957ರಿಂದ ಇದೆ. ಒಂದರಿಂದ ಮೂರರವರೆಗಿನ ಹಂತದಲ್ಲಿ, ವ್ಯಾಯಾಮ ಮಾಡಿಯೂ ನೋವು ಬಿಡದವರಿಗೆ ಇದು ಒಂದು ದಾರಿ. ಮೂಳೆಗೆ ಮೂಳೆ ತಾಗುವ ನಾಲ್ಕನೇ ಹಂತದಲ್ಲಿ ದುಡ್ಡು ಹಾಕುವ ಮೊದಲು ಇನ್ನೊಬ್ಬ ಡಾಕ್ಟರನ್ನು ಕೇಳಿ. ರಕ್ತದ ಕ್ಯಾನ್ಸರ್, ಮೈಯಲ್ಲಿ ಸೋಂಕು, ಪ್ಲೇಟ್‌ಲೆಟ್ ತೀರಾ ಕಡಿಮೆ ಇರುವವರಿಗೆ ಇದು ಬೇಡ. ಇಂಜೆಕ್ಷನ್ ಆದ ಎರಡು ಮೂರು ದಿನ ಊತ, ನೋವು ಸಾಮಾನ್ಯ. ಜ್ವರ ಬಂದರೆ, ಮಂಡಿ ಕೆಂಪಾಗಿ ಬಿಸಿಯಾದರೆ ಕಾಯಬೇಡಿ, ತಕ್ಷಣ ಹೋಗಿ.

ಐಬುಪ್ರೊಫೆನ್, ಡೈಕ್ಲೊಫೆನಾಕ್ ಥರದ ನೋವಿನ ಮಾತ್ರೆ ಪ್ಲೇಟ್‌ಲೆಟ್ಟಿನ ಕೆಲಸವನ್ನೇ ತಡೆಯುತ್ತದೆ. ಅದಕ್ಕೇ ಸಾಮಾನ್ಯವಾಗಿ ವಾರ ಮೊದಲೇ ನಿಲ್ಲಿಸಲು ಹೇಳುತ್ತಾರೆ. ಆದರೆ ಹೃದಯಕ್ಕೆಂದು ಆಸ್ಪಿರಿನ್ ಅಥವಾ ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರು ತಾವಾಗಿ ನಿಲ್ಲಿಸಲೇಬೇಡಿ. ಮಂಡಿಗಾಗಿ ಹೃದಯವನ್ನು ಪಣಕ್ಕಿಡುವುದು ಬೇಡ.

ಆ ಹಾಳೆ ಕೊಟ್ಟ ಕ್ಲಿನಿಕ್ಕಿಗೆ ಮಾಮನ ಜೊತೆ ನಾನೂ ಹೋದೆ. ಎಷ್ಟು ಎಂಎಲ್ ರಕ್ತ ತೆಗೆಯುತ್ತೀರಿ? ಬಿಳಿ ಕಣ ಬಿಡುತ್ತೀರಾ? ತಯಾರಾದದ್ದನ್ನು ಎಣಿಸುತ್ತೀರಾ? ಸೂಜಿ ಹಾಕುವಾಗ ಸೋನೋಗ್ರಫಿ ಇರುತ್ತದಾ? ಎದುರಿಗಿದ್ದ ಹುಡುಗಿ ಪ್ಯಾಕೇಜಿನ ರೇಟು ಮಾತ್ರ ಹೇಳಿದಳು. ಮೂರು ಇಂಜೆಕ್ಷನ್ ಒಟ್ಟಿಗೆ ತೆಗೆದುಕೊಂಡರೆ ರಿಯಾಯಿತಿಯಂತೆ. ನನಗೆ ಆಗ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ನಲವತ್ತು ವರ್ಷ ಕಾವಲಿ ಮುಂದೆ ನಿಂತು ಉಳಿಸಿದ ದುಡ್ಡು ಅದು.

ಇನ್ನೊಬ್ಬ ಡಾಕ್ಟರ್ ನೇರವಾಗಿ ಹೇಳಿದರು: ಬಲ ಮಂಡಿ ಮೂರನೇ ಹಂತ, ನೋವಿಗೆ ಪ್ರಯತ್ನ ಮಾಡಬಹುದು, ಗಾದಿ ಬೆಳೆಯುವ ಭರವಸೆ ಕೊಡುವುದಿಲ್ಲ. ಮೊದಲು ಎರಡು ತಿಂಗಳು ತೊಡೆಯ ಮುಂಭಾಗದ ಸ್ನಾಯು ಗಟ್ಟಿಯಾಗಲು ವ್ಯಾಯಾಮ ಮಾಡಿಸಿದರು. ತೂಕ ಇಳಿಸಲು ಹೇಳಿದರು. ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ತಗ್ಗುತ್ತದೆ ಎಂದು ಅಮೆರಿಕದ ಅಧ್ಯಯನವೊಂದು ತೋರಿಸಿದೆ. ಸೇತುವೆ ಹತ್ತಿ ಇಳಿಯುವ ನಮ್ಮವರಿಗೆ ಇದು ಸಣ್ಣ ಲೆಕ್ಕವಲ್ಲ, ಅಲ್ವಾ? ಆಮೇಲೆ ಒಂದು ಪಿಆರ್‌ಪಿ. ಮಾಮನ ರಕ್ತದಲ್ಲಿ ಮೈಕ್ರೋಲೀಟರಿಗೆ 2.1 ಲಕ್ಷ ಪ್ಲೇಟ್‌ಲೆಟ್ ಇತ್ತು. ಸಿರಿಂಜಿಗೆ ಹೋಗುವ ಮೊದಲು ಒಂದು ಹನಿ ಎಣಿಸಿದೆ: 7.9 ಲಕ್ಷ. 5 ಎಂಎಲ್ ಕೊಟ್ಟರು, ಸುಮಾರು 395 ಕೋಟಿ. ಅದನ್ನು ಅವರ ಫೈಲಿನಲ್ಲಿ ಬರೆಸಿದೆ.

ಮೊನ್ನೆ ಆರು ತಿಂಗಳಿಗೆ ಹೊಸ ಎಕ್ಸ್‌ರೇ ತೆಗೆಸಿದರು. ಹಳೆಯದನ್ನೂ ಹೊಸದನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆವು. ಗ್ಯಾಪ್ ಮೊದಲಿನಷ್ಟೇ. ನೋವು ಏಳರಿಂದ ನಾಲ್ಕಕ್ಕೆ ಬಂದಿದೆ ಅನ್ನುತ್ತಾರೆ. ಅದರಲ್ಲಿ ಪಿಆರ್‌ಪಿಯ ಪಾಲೆಷ್ಟು, ವ್ಯಾಯಾಮದ ಪಾಲೆಷ್ಟು, ಇಳಿಸಿದ ಐದು ಕಿಲೋದ ಪಾಲೆಷ್ಟು ಅಂತ ಬೇರೆ ಮಾಡಲು ನನ್ನಿಂದ ಆಗುವುದಿಲ್ಲ. ಈಗ ಎಡ ಮಂಡಿಗೂ ಹಾಕಿಸಲಾ ಅಂತ ಕೇಳುತ್ತಿದ್ದಾರೆ. ಎಡಗಡೆ ನಾಲ್ಕನೇ ಹಂತ. ಅದಕ್ಕೆ ಬೇಡ ಮಾಮ, ಸರ್ಜನ್ ಹತ್ತಿರ ಕೇಳೋಣ ಅಂದೆ. ಸೋಮವಾರ ಜೊತೆಗೆ ಹೋಗುತ್ತಿದ್ದೇವೆ.